ದೇವರ ಕೆಲಸಕ್ಕೆ ಎತ್ತಿದ ಕೈ ಕ್ಷೇಮವಾಗಿರಲಿ

(ಉತ್ಸವದ ಅಂಗವಾಗಿ ನಡೆದ ಸಂಜೆಯ ಸಭೆಯ ಉಪನ್ಯಾಸದ ಲಿಖಿತ ರೂಪ)



ದೇವಸ್ಥಾನವೆಂದೊಡನೆ ಕಣ್ಣಿಗೆ ಕಟ್ಟುವುದು ಕಲ್ಲು. ಉತ್ಸವವೆಂದೊಡನೆ ಕಣ್ಣಿಗೆ ಕಟ್ಟುವುದು ಮರ. ಗರ್ಭಗುಡಿಯ ಮೂಲಮೂರ್ತಿ ಕಲ್ಲಿನ ಪೀಠದ ಮೇಲೆ ಸ್ಥಿರವಾಗಿ ನೆಲೆಸಿರುತ್ತದೆ. ಉತ್ಸವಮೂರ್ತಿಯಾದರೋ ಭಕ್ತರ ಬೀದಿಗೆ ಬರುವುದು ಮರದ ಪಲ್ಲಕ್ಕಿಯಲ್ಲಿ, ಮರದ ನಂದಿ, ಗರುಡ, ಸಿಂಹ, ಕುದುರೆ ವಾಹನಗಳ ಮೇಲೆ, ಕೊನೆಗೆ ಮರದ ತೇರಿನಲ್ಲಿ. ಗುಡಿಯ ಬಾಗಿಲುವಾಡ ಮರದ್ದು, ಅಭಿಷೇಕದ ಪಾತ್ರೆ ಇಡುವ ಮಣೆ ಮರದ್ದು, ಮಂಗಳಾರತಿ ಮುಗಿದ ಮೇಲೆ ಮಕ್ಕಳು ಕುಳಿತು ಪ್ರಸಾದ ತಿನ್ನುವ ಹಲಗೆಯೂ ಮರದ್ದೇ. ಇವೆಲ್ಲದರ ಹಿಂದೆ ಯಾವುದೋ ಒಂದು ಕೈ ಇದೆ. ಆ ಕೈಯ ಐದು ಬೆರಳೂ ಐದಾಗಿಯೇ ಉಳಿಯಬೇಕು ಎಂಬುದು ಈ ಸಂಜೆಯ ಉಪನ್ಯಾಸದ ವಿಷಯ.

ಧಾರ್ಮಿಕ ಸಭೆಯಲ್ಲಿ ಗರಗಸದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮರಗೆಲಸಕ್ಕೂ ದೇವರ ಕೆಲಸಕ್ಕೂ ಇರುವ ನಂಟು ಇಂದಿನದಲ್ಲ. ವಿಶ್ವಕರ್ಮ ಪರಂಪರೆಯಲ್ಲಿ ಪಂಚಕಸುಬುಗಳೆಂದರೆ ಕಮ್ಮಾರಿಕೆ, ಬಡಗಿತನ, ಕಂಚುಗಾರಿಕೆ, ಶಿಲ್ಪ ಮತ್ತು ಅಕ್ಕಸಾಲಿಕೆ. ಇವುಗಳಲ್ಲಿ ಮರಗೆಲಸದವರು ತಮ್ಮನ್ನು ಮಯಬ್ರಹ್ಮನ ವಂಶದವರೆಂದು, ಸನಾತನ ಋಷಿಗೋತ್ರದವರೆಂದು ಹೇಳಿಕೊಳ್ಳುತ್ತಾರೆ. 12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬ ವಚನಕಾರರಿದ್ದರು. ಬಾಚಿ ಎಂದರೆ ಮರ ಕೆತ್ತುವ ಉಪಕರಣವೆಂದು ಈ ಸಭೆಯ ಹಿರಿಯರಿಗೆ ಹೇಳಬೇಕಾಗಿಲ್ಲ. ಅವರ ಧರ್ಮಪತ್ನಿ ಕಾಳವ್ವೆಯೂ ವಚನಕಾರ್ತಿ. ಕೈಯಲ್ಲಿ ಹಿಡಿದ ಉಪಕರಣವೇ ಒಬ್ಬ ಶರಣರ ಹೆಸರಿಗೆ ಭೂಷಣವಾಗಿ ನಿಂತಿತು ಎಂದರೆ ಆ ಕಾಲದವರು ಉಪಕರಣಕ್ಕೆ ಕೊಟ್ಟ ಗೌರವ ಎಂಥದು ಎಂಬುದನ್ನು ಊಹಿಸಬಹುದು.

ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ, ಮಡಕಶಿರಾಗಳ ಈ ಸೀಮೆ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಭಾಷೆ ತೆಲುಗಾದರೂ ಮನೆಯ ಮಾತು, ಗುಡಿಯ ಮಾತು ಕನ್ನಡವಾಗಿಯೇ ಉಳಿದ ಊರುಗಳಿವು. ಅಮರಾಪುರದ ಬಳಿಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿಯ ದೇವಾಲಯಗಳ ಕರಿಕಲ್ಲಿನ ಕಂಬಗಳನ್ನು ನೋಡಿದವರಿಗೆ, ಇದು ಕಲ್ಲೋ ಅಥವಾ ಮರಕ್ಕೆ ಕೆತ್ತನೆ ಮಾಡಿ ನುಣುಪು ಕೊಟ್ಟದ್ದೋ ಎಂಬ ಭ್ರಮೆ ಹುಟ್ಟುತ್ತದೆ. ಅದು ಆಕಸ್ಮಿಕವಲ್ಲ. ಭಾರತದ ದೇವಾಲಯ ಶಿಲ್ಪ ಕಲ್ಲಿಗೆ ಬರುವ ಮೊದಲು ಮರದಲ್ಲಿ ಬೆಳೆದದ್ದು. ತೊಲೆ, ಬೋದಿಗೆ, ಕಂಬ ಇವೆಲ್ಲ ಬಡಗಿಯ ಮನೆಯಿಂದ ಶಿಲ್ಪಿಯ ಮನೆಗೆ ಹೋದ ಮಾತುಗಳು.

ಹೀಗಿರುವಾಗ ಕಳೆದ ಕೆಲವು ವರ್ಷಗಳಲ್ಲಿ ಮರಗೆಲಸದ ಲೋಕಕ್ಕೆ ಹೊಸಬರು ಕೆಲವರು ಬಂದಿದ್ದಾರೆ. ಇವರು ಕಸುಬಿನವರಲ್ಲ, ಹವ್ಯಾಸಿಗಳು. ನಿವೃತ್ತರಾದ ಮೇಷ್ಟ್ರು, ಬಸ್ಸಿನ ಡ್ರೈವರು, ಮೋಟಾರು ರಿಪೇರಿ ಮಾಡುವ ಹುಡುಗ, ಹೊಲದ ಕೆಲಸ ಮುಗಿದ ಮೇಲೆ ಬಿಡುವಾಗಿರುವ ರೈತ. ಬೆಂಗಳೂರಿನಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಬರುವ ಯುವಕರೂ ಇವರೊಳಗಿದ್ದಾರೆ. ಮನೆಯ ಹಿತ್ತಲಿನ ತಗಡಿನ ಚಪ್ಪರವೇ ಇವರ ಕಾರ್ಯಾಗಾರ. ನಾಲ್ಕು ಜನ ಒಂದು ಕಡೆ ಸೇರಿದರೆ ಇವರ ಮಾತು ಬೇರೆ ಯಾವುದಕ್ಕೂ ಹೊರಳುವುದಿಲ್ಲ. ಒಬ್ಬರು ಮಗಳ ಮನೆಗೆ ದೇವರ ಮಂಟಪ ಮಾಡುತ್ತಿರುತ್ತಾರೆ; ಗೋಪುರದ ಕಳಶ ತಿರುಗಣಿಯಲ್ಲಿ ತೆಗೆಸಬೇಕೋ ಕೈಯಲ್ಲೇ ಕೆತ್ತಬೇಕೋ ಎಂಬುದು ಅವರ ಚಿಂತೆ. ಇನ್ನೊಬ್ಬರು ಬಿದ್ದ ಬೇವಿನ ಮರವನ್ನು ಹಲಗೆ ಕೊಯ್ಸಿ ನೆರಳಿನಲ್ಲಿ ಒಣಹಾಕಿರುತ್ತಾರೆ. ಎಷ್ಟು ದಿನಕ್ಕೆ ಅದು ಸೊಟ್ಟಗಾಗದೆ ಕೆಲಸಕ್ಕೆ ಬರುತ್ತದೆ ಎಂದು ಕೇಳುತ್ತಾರೆ. ಹುಣಸೆಯ ಮರದಿಂದ ಕೊಡತಿ ಮಾಡಿಕೊಂಡವರು ಅದರ ಗಟ್ಟಿತನವನ್ನು ಹೊಗಳಿಕೊಳ್ಳುತ್ತಾರೆ. ಗುಡಿಯ ಹಳೆಯ ಪಲ್ಲಕ್ಕಿಯ ದಂಡಿಗೆ ಹೊಸ ಹಿಡಿ ಕೂರಿಸಿದವರ ಸಂತೋಷವಂತೂ ಹೇಳತೀರದು.

ಇದು ಸ್ವಾಗತಾರ್ಹವಾದ ಬೆಳವಣಿಗೆ ಎಂಬುದರಲ್ಲಿ ಸಂದೇಹವಿಲ್ಲ. ಹವ್ಯಾಸಿ ಬಡಗಿಯ ಅನ್ನವನ್ನು ಕಸಿಯುವವನಲ್ಲ. ಬಡಗಿಯ ಕೆಲಸ ಎಷ್ಟು ಕಷ್ಟದ್ದೆಂದು ಅರಿತು, ಆತನ ಕೂಲಿಯ ಬಗ್ಗೆ ಚೌಕಾಸಿ ಮಾಡುವುದನ್ನು ಬಿಡುವವನು. ಆದರೆ ಈ ಬೆಳವಣಿಗೆಯೊಳಗೆ ಒಂದು ಕೊರತೆಯೂ ಸೇರಿಕೊಂಡಿದೆ. ಅಂಗಡಿಯಿಂದ ಯಂತ್ರ ಮನೆಗೆ ಬಂದಿದೆ. ಅದರ ಜೊತೆಗೆ ಬರಬೇಕಾಗಿದ್ದ ಗುರು ಬಂದಿಲ್ಲ.

ಹಿಂದೆ ಬಡಗಿಯ ಮನೆಯ ಹುಡುಗ ಕೆಲಸ ಕಲಿಯುತ್ತಿದ್ದ ಕ್ರಮವನ್ನು ನೆನೆಯಬೇಕು. ಮೊದಲು ಚಕ್ಕೆ ಗುಡಿಸುವುದು, ನೀರು ತಂದುಕೊಡುವುದು, ಹಲಗೆಯ ಇನ್ನೊಂದು ತುದಿ ಹಿಡಿಯುವುದು. ಆಮೇಲೆ ಸಾಣೆಕಲ್ಲಿನ ಮೇಲೆ ಉಳಿ ಹಿಡಿಯುವುದು. ಅಪ್ಪನ ಉಳಿಯನ್ನು ಹದವಾಗಿ ಮಸೆದುಕೊಟ್ಟ ಮೇಲೆಯೇ ಸ್ವಂತಕ್ಕೆ ಒಂದು ಉಳಿ. ಗರಗಸ ಕೈಗೆ ಬರುವ ಹೊತ್ತಿಗೆ ಅಲಗು ಯಾವ ಕಡೆಗೆ ಜಾರುತ್ತದೆ, ಗಂಟಿರುವ ಮರ ಹೇಗೆ ತಿರುಗಿಬೀಳುತ್ತದೆ, ಎಡಗೈ ಎಲ್ಲಿರಬೇಕು ಎಂಬುದೆಲ್ಲ ಹುಡುಗನ ಮೈಗೆ ಹತ್ತಿರುತ್ತಿತ್ತು. ಯಾರೂ ಅದನ್ನು ‘ಸುರಕ್ಷತೆ’ ಎಂಬ ಹೆಸರಿನಿಂದ ಬೇರೆಯಾಗಿ ಕಲಿಸಲಿಲ್ಲ. ಕಸುಬಿನೊಳಗೇ ಅದು ಬೆರೆತಿತ್ತು.

ಇಂದು ಹಬ್ಬದ ಬೋನಸ್ಸಿನಲ್ಲಿ ಕೊಂಡ ಕಟಿಂಗ್ ಮಿಷನ್ನು ಸಂಜೆ ಮನೆಗೆ ಬರುತ್ತದೆ, ರಾತ್ರಿಗೇ ಹಲಗೆ ಕೊಯ್ಯುತ್ತದೆ. ನಡುವೆ ಕಲಿಕೆಯ ಒಂದು ದಿನವೂ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಇಲ್ಲಿ ಬೇರೆ ರೀತಿಯಲ್ಲಿ ನೆನೆಯಬೇಕಾಗಿದೆ. ಇಪ್ಪತ್ತು ವರ್ಷ ಬೆಳೆದ ಬೆರಳಿಗೆ ಅಪಾಯ ಒದಗಲು ನಿಮಿಷವೂ ಬೇಡ.

ಸಣ್ಣ ಲೆಕ್ಕವೊಂದನ್ನು ನೋಡಬಹುದು. ನಾಲ್ಕು ಇಂಚಿನ ಕೈ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ ಸುಮಾರು 180 ಸುತ್ತು. ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ಏನೋ ತಪ್ಪಾಯಿತೆಂದು ಮನುಷ್ಯನ ಕಣ್ಣು ಕಂಡು, ಮನಸ್ಸು ತಿಳಿದು, ಕೈ ಹಿಂದಕ್ಕೆ ಬರಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರೊಳಗೆ ಅಲಗು 36 ಸುತ್ತು ಮುಗಿಸಿರುತ್ತದೆ. ಆದ್ದರಿಂದ ‘ಹುಷಾರಾಗಿ ಹಿಡಿದರೆ ಸಾಕು’ ಎಂಬ ಮಾತು ಕೈಗರಗಸದ ಮಟ್ಟಿಗೆ ಅರ್ಧ ನಿಜವಾದರೆ, ಯಂತ್ರದ ಮಟ್ಟಿಗೆ ಪೂರ್ತಿ ಸುಳ್ಳು. ಯಂತ್ರದ ಮುಂದೆ ಎಚ್ಚರವೆಂದರೆ ಕೊನೆಯ ಗಳಿಗೆಯಲ್ಲಿ ಕೈ ಹಿಂತೆಗೆದುಕೊಳ್ಳುವುದಲ್ಲ; ಕೈ ಅಲ್ಲಿಗೆ ಹೋಗದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು.

ಆ ಏರ್ಪಾಡುಗಳು ದೊಡ್ಡವಲ್ಲ. ಮೊದಲನೆಯದು ಯಂತ್ರದ ಜೊತೆಗೇ ಬರುವ ಲೋಹದ ಮರೆ, ಅಂದರೆ ಗಾರ್ಡು. ಕೆಲಸಕ್ಕೆ ಅಡ್ಡ ಬರುತ್ತದೆಂದು ಕೊಂಡ ದಿನವೇ ಅದನ್ನು ಬಿಚ್ಚಿ ಮೂಲೆಗೆಸೆಯುವವರೇ ಹೆಚ್ಚು. ಅಶ್ವತ್ಥಕಟ್ಟೆಯ ಮೇಲೆ ಹವ್ಯಾಸಿಗಳು ಕೂತಾಗ ಇಂಥ ಮಾತು ಕೇಳಿಬರುವುದುಂಟು.

“ಆಚಾರ್ರೇ, ಗಾರ್ಡು ಇದ್ರೆ ಗೆರೆ ಕಾಣಲ್ಲ. ಅದಕ್ಕೇ ಬಿಚ್ಚಿಟ್ಟೆ.”

“ಗೆರೆ ಕಾಣ್ದಿದ್ರೆ ಹಲಗೆ ಒಂದು ಕೆಡ್ತದೆ, ಇನ್ನೊಂದು ತರ್ಬೋದು. ಬೆರಳಿಗೆ ಇನ್ನೊಂದು ಎಲ್ಲಿಂದ ತರ್ತೀಯಪ್ಪಾ?”

ಈ ಉತ್ತರದಲ್ಲಿ ಒಂದು ಶಾಸ್ತ್ರವೇ ಅಡಗಿದೆ ಎಂದರೆ ತಪ್ಪಾಗಲಾರದು.

ಎರಡನೆಯದು, ಕಬ್ಬಿಣ ಉಜ್ಜುವ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಅಲಗನ್ನು ಹಾಕಬಾರದು. ಹಳ್ಳಿಗಳಲ್ಲಿ ಸರ್ವೇಸಾಮಾನ್ಯವಾಗಿ ನಡೆಯುವ ತಪ್ಪು ಇದು. ಗ್ರೈಂಡರು ಅದಕ್ಕಾಗಿ ಮಾಡಿದ ಯಂತ್ರವಲ್ಲ. ಮರದ ಗಂಟಿಗೆ ಹಲ್ಲು ಸಿಕ್ಕಿಕೊಂಡರೆ ಯಂತ್ರವೇ ಕೈತಪ್ಪಿ ಮುಖಕ್ಕೋ ಕುತ್ತಿಗೆಗೋ ತೊಡೆಗೋ ಎಗರುತ್ತದೆ. ಮರಕ್ಕೆ ಮರದ ಗರಗಸವೇ ಸರಿ.

ಮೂರನೆಯದು ಉಡುಪು. ಸಡಿಲವಾದ ಪಂಚೆ, ಹೆಗಲ ಮೇಲಿನ ಟವಲು, ಉದ್ದ ತೋಳಿನ ಅಂಗಿ, ಮಣಿಕಟ್ಟಿನ ದಾರ, ಕಡಗ, ಉಂಗುರ, ಹೆಣ್ಣುಮಕ್ಕಳಾದರೆ ಬಿಚ್ಚಿದ ಜಡೆ ಮತ್ತು ಸೆರಗು, ಇವು ತಿರುಗುವ ಯಂತ್ರದ ಮುಂದೆ ಇರಕೂಡದು. ಕೈಗವಸು ಹಾಕಿದರೆ ಕ್ಷೇಮವೆಂದು ಹಲವರು ತಿಳಿದಿದ್ದಾರೆ. ಹಲಗೆ ಹೊರುವಾಗ ಅದು ಸರಿ. ತಿರುಗುವ ಅಲಗಿನ ಅಥವಾ ಬೈರಿಗೆಯ ಬಳಿ ಕೈಗವಸಿನ ಒಂದು ಎಳೆ ಸಿಕ್ಕಿದರೂ ಅದು ಇಡೀ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹರಕೆಯ ದಾರ ಕಟ್ಟಿಕೊಂಡವರು ಅದನ್ನು ಬಿಚ್ಚಲಾರೆವು ಎನ್ನುತ್ತಾರೆ. ಅಂಥವರು ಹರಕೆ ತೀರುವ ತನಕ ಆ ಯಂತ್ರವನ್ನು ಮುಟ್ಟದಿರುವುದೇ ಲೇಸು.

ನಾಲ್ಕನೆಯದು ತಳ್ಳುಗೋಲು. ಮೇಜಿನ ಗರಗಸಕ್ಕೆ ಸಣ್ಣ ತುಂಡನ್ನು ಬೆರಳಿನಿಂದ ತಳ್ಳದೆ, ತುದಿಯಲ್ಲಿ ಕಚ್ಚು ಮಾಡಿದ ಒಂದು ಕೋಲಿನಿಂದ ತಳ್ಳಬೇಕು. ರದ್ದಿ ಮರದ ತುಂಡಿನಿಂದ ಅರ್ಧ ಗಂಟೆಯಲ್ಲಿ ಆಗುವ ಉಪಕರಣ ಅದು. ಹವ್ಯಾಸಿ ತನ್ನ ಕೈಯಿಂದ ಮಾಡುವ ಮೊಟ್ಟಮೊದಲ ವಸ್ತು ದೇವರ ಮಂಟಪವಾಗುವ ಬದಲು ಈ ತಳ್ಳುಗೋಲಾಗಲಿ. ಮಂಟಪ ಮಾಡಲು ಬೆರಳುಗಳು ಉಳಿದಿರುತ್ತವೆ. ಐದನೆಯದಾಗಿ, ಅಲಗು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು.

ಈ ವಿಷಯದಲ್ಲಿ ಹೊರದೇಶದ ಒಬ್ಬ ಹವ್ಯಾಸಿಯ ಕಥೆ ಗಮನಾರ್ಹವಾಗಿದೆ. ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರು ಭೌತಶಾಸ್ತ್ರ ಓದಿ, ಪೇಟೆಂಟು ವಕೀಲಿಕೆ ಮಾಡುತ್ತಿದ್ದವರು; ಮರಗೆಲಸ ಅವರಿಗೆ ಹವ್ಯಾಸ. ತಮ್ಮ ಗರಗಸವನ್ನು ನೋಡುತ್ತ 1999ರಲ್ಲಿ ಅವರಿಗೊಂದು ಯೋಚನೆ ಹೊಳೆಯಿತು. ಮನುಷ್ಯನ ಮೈಯಲ್ಲಿ ವಿದ್ಯುತ್ತು ಹರಿಯುತ್ತದೆ, ಒಣಮರದಲ್ಲಿ ಅಷ್ಟಾಗಿ ಹರಿಯುವುದಿಲ್ಲ. ಅಲಗಿಗೆ ಅತಿ ಸಣ್ಣ ವಿದ್ಯುತ್ ಸಂಕೇತ ಕೊಟ್ಟರೆ, ಬೆರಳು ತಾಗಿದ ತಕ್ಷಣ ಯಂತ್ರಕ್ಕೆ ತಿಳಿಯಬೇಕಲ್ಲವೆ? ಹಾಗೆ ತಿಳಿದೊಡನೆ ಒಂದು ಅಲ್ಯುಮಿನಿಯಂ ಗಟ್ಟಿ ಅಲಗಿನ ಹಲ್ಲಿಗೆ ಹೊಕ್ಕು, ಸೆಕೆಂಡಿನ ಇನ್ನೂರನೆಯ ಒಂದು ಭಾಗದೊಳಗೆ ಅಲಗನ್ನು ನಿಲ್ಲಿಸುವ ಏರ್ಪಾಡನ್ನು ಅವರು ರೂಪಿಸಿದರು. ಬೆರಳಿಗೆ ಒಂದು ಗೀರು ಬೀಳುತ್ತದೆ, ಅಷ್ಟೆ. ದೊಡ್ಡ ಕಂಪನಿಗಳು ಆ ಏರ್ಪಾಡನ್ನು ತಮ್ಮ ಯಂತ್ರಗಳಿಗೆ ಅಳವಡಿಸಿಕೊಳ್ಳಲು ಮುಂದಾಗಲಿಲ್ಲ. ಸ್ನೇಹಿತರೊಡನೆ ತಾವೇ ಕಂಪನಿ ಕಟ್ಟಿ 2004ರಿಂದ ಅಂಥ ಗರಗಸಗಳನ್ನು ಮಾರತೊಡಗಿದರು. ಆ ಯಂತ್ರ ಈ ಸೀಮೆಯ ಸಾಮಾನ್ಯರ ಕೈಗೆಟುಕುವ ಬೆಲೆಯದಲ್ಲ. ಆದರೆ ಅದರ ಹಿಂದಿನ ಬುದ್ಧಿಗೆ ಬೆಲೆಯಿಲ್ಲ. ಮನುಷ್ಯ ಒಂದಲ್ಲ ಒಂದು ದಿನ ಮೈಮರೆಯುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಅದು. ಹತ್ತು ರೂಪಾಯಿಯೂ ಬೇಡದ ತಳ್ಳುಗೋಲಿನ ಹಿಂದಿರುವುದೂ ಅದೇ ಬುದ್ಧಿ.

ಯಂತ್ರದ ಮಾತಾಯಿತು, ಇನ್ನು ಕೈ ಉಪಕರಣಗಳು. ಮಹಾನವಮಿಯ ಆಯುಧಪೂಜೆಯಂದು ಉಳಿ, ಬಾಚಿ, ಗರಗಸ, ಹತ್ತರಿ, ಬೈರಿಗೆ, ಮೂಲೆಮಟ್ಟಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂ ಏರಿಸಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ಮಾರನೆಯ ದಿನ ಅದೇ ಉಳಿ ಮೊಂಡಾಗಿಯೇ ಕೆಲಸಕ್ಕೆ ಇಳಿದರೆ ಆ ಪೂಜೆಗೆ ಅರ್ಥವೇನು? ಹರಿತವಾದ ಉಳಿ ಅಪಾಯಕಾರಿ ಎಂಬುದು ಹೊಸಬರ ತಿಳಿವಳಿಕೆ. ಅನುಭವಿಗಳು ಹೇಳುವುದು ಇದಕ್ಕೆ ವಿರುದ್ಧ. ಹರಿತವಾದ ಉಳಿ ಹೇಳಿದ ಮಾತು ಕೇಳುತ್ತದೆ. ಮೊಂಡು ಉಳಿಗೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರುತ್ತದೆ. ಜಾರಿದಾಗ ಎದುರಿಗಿರುವ ಎಡಗೈಗೆ ಹೊಕ್ಕುತ್ತದೆ. ಆದುದರಿಂದ ಎರಡೂ ಕೈ ಅಲಗಿನ ಹಿಂದೆಯೇ ಇರಬೇಕು, ಮರವನ್ನು ಕೈಯಲ್ಲಿ ಹಿಡಿಯದೆ ಇಕ್ಕಳಕ್ಕೋ ಶಿಕಂಜಿಗೋ ಬಿಗಿಯಬೇಕು. ವರ್ಷಕ್ಕೊಮ್ಮೆ ಕುಂಕುಮ, ದಿನಕ್ಕೊಮ್ಮೆ ಸಾಣೆ. ಈ ಎರಡೂ ಸೇರಿದರೆ ಆಯುಧಪೂಜೆ ಪೂರ್ಣವಾಯಿತು.

ಕಣ್ಣಿಗೆ ಕಾಣುವ ಅಪಾಯಕ್ಕಿಂತ ಕಾಣದ ಅಪಾಯ ಇನ್ನೂ ಕೆಟ್ಟದ್ದು. ಅಂಥದ್ದರಲ್ಲಿ ಮೊದಲನೆಯದು ಮರದ ಧೂಳು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 1995ರಲ್ಲೇ ಸೇರಿಸಿತು. ಮೂಗಿನ ಒಳಭಾಗಕ್ಕೆ ಅದರಿಂದ ಹಾನಿ. ಕೈಯಿಂದ ಹತ್ತರಿ ಹೊಡೆದಾಗ ಸುರುಳಿ ಸುರುಳಿಯಾದ ಹೊಟ್ಟು ಬಂದು ನೆಲಕ್ಕೆ ಬೀಳುತ್ತದೆ. ಯಂತ್ರದಿಂದ ಉಜ್ಜಿದಾಗ ಹಿಟ್ಟಿಗಿಂತ ನುಣ್ಣಗಿನ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ನಿಂತಿರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಉಜ್ಜುವುದು, ಪಕ್ಕದಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಳ್ಳುವುದು, ಎರಡೂ ತಪ್ಪು. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಎನ್-95 ಮಾಸ್ಕು ಈ ಕೆಲಸಕ್ಕೂ ಒದಗುತ್ತದೆ. ಮೂಗಿಗೆ ಕಟ್ಟಿದ ಟವಲು ಒದಗುವುದಿಲ್ಲ. ಕಣ್ಣಿಗೆ ಪಕ್ಕಗಳೂ ಮುಚ್ಚುವ ಕನ್ನಡಕ ಬೇಕು; ಓದುವ ಕನ್ನಡಕ ಅದಕ್ಕೆ ಬದಲಾಗದು.

ಎರಡನೆಯದು ಎಣ್ಣೆ ಬಟ್ಟೆ. ಪಲ್ಲಕ್ಕಿಗೆ, ವಾಹನಗಳಿಗೆ, ಬಾಗಿಲಿಗೆ ಹೊಳಪು ಕೊಡಲು ಅಗಸೆ ಎಣ್ಣೆ ಹಚ್ಚುವ ರೂಢಿಯಿದೆ. ಆ ಎಣ್ಣೆ ಒಣಗುವುದೆಂದರೆ ಗಾಳಿಯೊಡನೆ ಸೇರಿ ಗಟ್ಟಿಯಾಗುವುದು, ಹಾಗೆ ಸೇರುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಆ ಬಟ್ಟೆಗಳನ್ನು ಒಂದೊಂದಾಗಿ ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಮರದ ತೇರಿಗೂ ಬೆಂಕಿಗೂ ಎಂಥ ವೈರವೆಂಬುದನ್ನು ಎರಡು ಘಟನೆಗಳು ನೆನಪಿಸುತ್ತವೆ. ಕಾರಣಗಳು ಬೇರೆಯಾದರೂ ಪಾಠ ಒಂದೇ. ಚಾಮರಾಜನಗರದ ಚಾಮರಾಜೇಶ್ವರಸ್ವಾಮಿಯ ತೇರು 2017ರಲ್ಲಿ ಬೆಂಕಿಗೆ ತುತ್ತಾಗಿ, ಹೊಸ ತೇರು ಸಿದ್ಧವಾಗಿ ರಥೋತ್ಸವ ಮತ್ತೆ ನಡೆಯಲು 2022 ಬರಬೇಕಾಯಿತು. ಆಂಧ್ರದ ಅಂತರ್ವೇದಿಯ ಲಕ್ಷ್ಮೀನರಸಿಂಹಸ್ವಾಮಿಯ ತೇಗದ ತೇರು 2020ರ ಸೆಪ್ಟೆಂಬರ್‌ನಲ್ಲಿ ನಿಂತಲ್ಲೇ ಸುಟ್ಟುಹೋಯಿತು. ತೇರಿನ ಮನೆಯಲ್ಲಿ ಎಣ್ಣೆ, ಬಟ್ಟೆ, ಪಟಾಕಿ, ಒಣಹುಲ್ಲು ಯಾವುದನ್ನೂ ಇಡಬಾರದು.

ಮೂರನೆಯದು ವಿದ್ಯುತ್ತು. ಹಿತ್ತಲಿನ ಚಪ್ಪರಕ್ಕೆ ಮನೆಯಿಂದ ಎಳೆದ ತೇಪೆ ಹಾಕಿದ ವೈರು, ಮಳೆಯ ನೆಲ, ಬರಿಗಾಲು, ಈ ಮೂರೂ ಸೇರಿದರೆ ಪ್ರಾಣಕ್ಕೇ ಸಂಚಕಾರ. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಎಲೆಕ್ಟ್ರಿಷಿಯನ್ನರಿಂದ ಕೂರಿಸಿಕೊಳ್ಳುವುದು ಉತ್ತಮ. ಅದಕ್ಕೆ ಕೊಡುವ ಹಣ ಯಂತ್ರಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚೇನಲ್ಲ.

ಎಷ್ಟು ಎಚ್ಚರವಿದ್ದರೂ ಅವಘಡ ನಡೆದರೆ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ ಮೆತ್ತಬಾರದು. ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ 108ಕ್ಕೆ ಕರೆ ಮಾಡಬೇಕು. ಬೆರಳು ಕತ್ತರಿಸಿಹೋಗಿದ್ದರೆ ಅದನ್ನು ಬಿಸಾಡದೆ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ಇನ್ನೊಂದು ಚೀಲದೊಳಗೆ ಇಟ್ಟು ಗಾಯಾಳುವಿನ ಜೊತೆಗೇ ಒಯ್ಯಬೇಕು. ಬೆರಳಿಗೆ ಐಸು ನೇರವಾಗಿ ತಾಗಕೂಡದು. ಬೇಗ ತಲುಪಿದರೆ ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇಂದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿದೆ. ರೊಳ್ಳದಂಥ ಗಡಿಯ ಊರಿನವರಿಗೆ ಅಂಥ ಆಸ್ಪತ್ರೆ ದೂರ. ದೂರವಿರುವವನಿಗೆ ಎಚ್ಚರ ಹೆಚ್ಚು ಬೇಕು. ಮನೆಯಲ್ಲಿ ಯಾರೂ ಇಲ್ಲದಾಗ, ನಿದ್ದೆಗಣ್ಣಿನಲ್ಲಿ, ಕುಡಿದು, ಕೋಪದಲ್ಲಿ ಯಂತ್ರ ಮುಟ್ಟುವುದು ಬೇಡ.

ಇನ್ನು ಈ ಸಭೆಗೆ ಅತ್ಯಂತ ಹತ್ತಿರವಾದ ವಿಷಯ ತೇರು. ಹವ್ಯಾಸಿಗಳು ಉತ್ಸಾಹದಿಂದ ದೇವಸ್ಥಾನದ ರಿಪೇರಿ ಕೆಲಸಕ್ಕೆ ಮುಂದಾಗುತ್ತಾರೆ. ಅದು ಪುಣ್ಯದ ಕೆಲಸವೇ. ಆದರೆ ಎಲ್ಲಿಯವರೆಗೆ ತಾನು, ಎಲ್ಲಿಂದ ಮುಂದೆ ಆಚಾರ್ಯರು ಎಂಬ ಗೆರೆ ಅವರಿಗೆ ತಿಳಿದಿರಬೇಕು. ಮಣೆ, ಮೆಟ್ಟಿಲು, ಪ್ರಸಾದದ ಮೇಜು, ವಾಹನಗಳ ಹಿಡಿ, ಪಾಲಿಷು ಇವು ಹವ್ಯಾಸಿಯ ಕೈಗೆ ಒಪ್ಪುವ ಕೆಲಸಗಳು. ತೇರಿನ ಅಚ್ಚು, ಗಾಲಿಯ ಗುಂಬ, ಅದರ ಹಳಿ, ಕಡಾಣಿ, ಗಾಲಿಗೆ ಕೊಡುವ ಬೆಣೆ ಇವು ಹಾಗಲ್ಲ. ಅವುಗಳ ಮೇಲೆ ನೂರಾರು ಜನರ ಪ್ರಾಣ ನಿಂತಿದೆ.

2017ರ ಫೆಬ್ರವರಿ 21ರಂದು ಕೊಟ್ಟೂರಿನ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವದಲ್ಲಿ ತೇರಿನ ಅಚ್ಚು ಮುರಿದು ತೇರು ವಾಲಿ ಬಿದ್ದು ಹಲವರು ಗಾಯಗೊಂಡರು. 2022ರ ನವೆಂಬರ್ 1ರಂದು ಚಾಮರಾಜನಗರದ ಹತ್ತಿರದ ಚನ್ನಪ್ಪನಪುರದಲ್ಲಿ ವೀರಭದ್ರೇಶ್ವರ ಸ್ವಾಮಿಯ ತೇರು ಗಾಲಿ ಮುರಿದು ಉರುಳಿತು. ದೈವಕೃಪೆಯಿಂದ ಜನ ಪಾರಾದರು. ಆನೇಕಲ್ ಬಳಿಯ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಬಂದ ಎತ್ತರದ ತೇರುಗಳು 2024ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಬಿದ್ದವು. ಎರಡನೆಯ ಸಲ ಪ್ರಾಣಹಾನಿಯೂ ಆಯಿತು. ತಮಿಳುನಾಡಿನ ತಂಜಾವೂರಿನ ಬಳಿ ಕಳಿಮೇಡು ಎಂಬಲ್ಲಿ 2022ರ ಏಪ್ರಿಲ್ 27ರಂದು ತೇರು ಮೇಲಿನ ವಿದ್ಯುತ್ ತಂತಿಗೆ ತಗುಲಿ 11 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅವರೆಲ್ಲರೂ ದೇವರನ್ನು ಕಾಣಲು ಬಂದವರು, ಹಗ್ಗಕ್ಕೆ ಕೈ ಹಚ್ಚಲು ಬಂದವರು.

ಇಂಥ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಒಂದು ಮಾತಿದೆ: ‘ದೇವರ ಕೆಲಸ, ದೇವರೇ ನೋಡಿಕೊಳ್ಳುತ್ತಾನೆ.’ ಈ ಮಾತಿನ ಹಿಂದೆ ಭಕ್ತಿಯಿರಬಹುದು. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಇದೇ ಭಕ್ತರು ನೈವೇದ್ಯದ ಅಕ್ಕಿಯಲ್ಲಿ ಕಲ್ಲು ಉಳಿಯದಂತೆ ಎರಡು ಸಲ ಆರಿಸುತ್ತಾರೆ. ದೇವರೇ ನೋಡಿಕೊಳ್ಳಲಿ ಎಂದು ಕಲ್ಲಿನ ಸಮೇತ ಬೇಯಿಸುವುದಿಲ್ಲ. ನಂದಾದೀಪಕ್ಕೆ ಎಣ್ಣೆ ಇದೆಯೇ ಎಂದು ದಿನಾಲೂ ಬಗ್ಗಿ ನೋಡುತ್ತಾರೆ. ಅಕ್ಕಿಯ ಮೇಲೆ, ದೀಪದ ಮೇಲೆ ಇರುವ ಆ ನಿಗಾ ಗಾಲಿಯ ಕಡಾಣಿಯ ಮೇಲೆ, ಕೆಲಸಗಾರನ ಬೆರಳಿನ ಮೇಲೆ ಇರಬಾರದೇಕೆ? ದೇವರು ಕೊಟ್ಟ ಕಣ್ಣು, ದೇವರು ಕೊಟ್ಟ ಬುದ್ಧಿ. ಅವನ್ನು ಬಳಸಿದ ಮೇಲೆ ಉಳಿದದ್ದನ್ನು ಆತನಿಗೆ ಒಪ್ಪಿಸುವುದು ಶರಣಾಗತಿ. ಬಳಸದೆಯೇ ಒಪ್ಪಿಸುವುದಕ್ಕೆ ಸೋಮಾರಿತನವೆಂಬ ಬೇರೆ ಹೆಸರಿದೆ.

ಆದ್ದರಿಂದ ಉತ್ಸವ ಸಮಿತಿಗಳು ಮಾಡಬಹುದಾದ ಕೆಲವು ಕಾರ್ಯಗಳನ್ನು ಇಲ್ಲಿ ಸೂಚಿಸಬಹುದು. ತೇರಿನ ಗಾಲಿ ಮತ್ತು ಅಚ್ಚನ್ನು ಜಾತ್ರೆಯ ಹಿಂದಿನ ದಿನ ನೋಡುವ ಬದಲು ಎರಡು ಮೂರು ತಿಂಗಳು ಮೊದಲೇ ಅನುಭವಿ ರಥಶಿಲ್ಪಿಗೆ ತೋರಿಸುವುದು. ಗೆದ್ದಲು, ಬಿರುಕು, ಸಡಿಲವಾದ ಹಳಿ ಕಂಡರೆ ಸರಿಪಡಿಸಲು ಆಗ ಕಾಲಾವಕಾಶವಿರುತ್ತದೆ. ತೇರು ಸಾಗುವ ಬೀದಿಯ ತಂತಿಗಳನ್ನು ಅಳೆದು ವಿದ್ಯುತ್ ಇಲಾಖೆಗೆ ಮೊದಲೇ ತಿಳಿಸುವುದು. ತೇರಿನ ಎತ್ತರವನ್ನು ಪಕ್ಕದೂರಿನ ಮೇಲಿನ ಪೈಪೋಟಿಗಾಗಿ ಏರಿಸದಿರುವುದು. ಸೇವೆಗೆ ಬರುವ ಯುವಕರ ಕೈಗೆ ಯಂತ್ರ ಕೊಡುವ ಮೊದಲು ಕನ್ನಡಕ, ಮಾಸ್ಕು ಕೊಡುವುದು. ಒಂದು ಜೊತೆ ಕನ್ನಡಕದ ಬೆಲೆ ಒಂದು ಹೂವಿನ ಹಾರದ ಬೆಲೆಗಿಂತ ಬಹಳ ಹೆಚ್ಚಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಊರಿನ ಹಿರಿಯ ಆಚಾರ್ಯರನ್ನು ಆಯುಧಪೂಜೆಯ ಆಸುಪಾಸಿನ ಒಂದು ದಿನ ದೇವಸ್ಥಾನದ ಅಂಗಳಕ್ಕೆ ಕರೆದು, ಹವ್ಯಾಸಿಗಳನ್ನೂ ಯುವಕರನ್ನೂ ಅವರ ಸುತ್ತ ಕೂರಿಸಿ, ಉಳಿ ಮಸೆಯುವುದರಿಂದ ಹಿಡಿದು ಕಲಿಸಿಕೊಡುವಂತೆ ಕೇಳಿಕೊಳ್ಳಬಹುದು. ಬರಿದೆ ಶಾಲು ಹೊದಿಸಿ ಕಳುಹಿಸದೆ, ಆ ದಿನದ ಗೌರವಧನವನ್ನೂ ಕೊಡಬೇಕು. ಕಸುಬಿನಲ್ಲೇ ಮುಂದುವರಿಯಬಯಸುವ ಬಡಗಿಗಳಿಗೆ ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಪ್ರಾರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಸ್ಥಾನವಿದೆ. ಅದು ಗುರುತಿಸಿದ 18 ಕಸುಬುಗಳಲ್ಲಿ ಬಡಗಿತನವೂ ಒಂದು. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿ ಸೇರಿವೆ. ಗಡಿಯ ಕನ್ನಡಿಗರಿಗೆ ಇಂಥ ವಿಷಯಗಳು ಎಷ್ಟೋ ಸಲ ತಡವಾಗಿ ತಲುಪುತ್ತವೆ. ದೇವಸ್ಥಾನದ ಅಂಗಳ ಅವನ್ನು ತಲುಪಿಸುವ ಜಾಗವೂ ಆಗಬಹುದು.

ಯಂತ್ರದ ಹಿಂದೆ ಬರದೆ ಉಳಿದ ಗುರು ದೂರವೇನೂ ಇಲ್ಲ. ಆತ ಊರಿನ ಬೀದಿಯ ಕೊನೆಯ ಮನೆಯಲ್ಲಿ, ಕಣ್ಣು ಮಂಜಾಗಿ, ಕೈ ನಡುಗುತ್ತ ಕುಳಿತಿರಬಹುದು. ಆತನ ಬಳಿ ಕೇಳುವವರಿಲ್ಲದೆ ಉಳಿದ ವಿದ್ಯೆಯಿದೆ. ಕಟ್ಟೆಯ ಮೇಲೆ ಸೇರುವ ಹವ್ಯಾಸಿಗಳಲ್ಲಿ ಕಲಿಯುವ ಹಂಬಲವಿದೆ. ಈ ಇಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸುವ ಪುಣ್ಯ ಉತ್ಸವ ಸಮಿತಿಯದಾಗಲಿ. ಮುಂದಿನ ವರ್ಷದ ತೇರು ಬೀದಿಗೆ ಬರುವಾಗ ಅದಕ್ಕೆ ಕೆಲಸ ಮಾಡಿದ ಎಲ್ಲರೂ ಎರಡೂ ಕೈ ಜೋಡಿಸಿ, ಹತ್ತೂ ಬೆರಳು ಮುಗಿದು ನಿಲ್ಲುವಂತಾಗಲಿ ಎಂದು ಭಗವಂತನಲ್ಲಿ ಪ್ರಾರ್ಥನೆ.

ಸಮಸ್ತರಿಗೂ ಮಂಗಳವಾಗಲಿ.